ಕೆರೆಯ ಮೇಲೆ ಒಂಬತ್ತು ಸುತ್ತು

ಮೊದಲನೆಯ ಸುತ್ತಿಗೆ ಸೆವೆರೊ ಅಯಾಲನಿಗೆ ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಗಡಿಯಾರ ನೋಡಿದ. ಮೂರನೆಯ ಸಲವೂ ವಿಮಾನ ಕೆರೆಯ ಮೇಲೆ ವಾಲಿಕೊಂಡು, ನಡುಹಗಲಿನ ಬಿಸಿಲಿಗೆ ತನ್ನ ಬಿಳಿಯ ಹೊಟ್ಟೆ ತೋರಿಸಿ, ಇಳಿಯುವ ಲಕ್ಷಣವೇ ಇಲ್ಲದೆ ಮತ್ತೆ ಉತ್ತರಕ್ಕೆ ತಿರುಗಿದಾಗ, ಗೊತ್ತಾಗಿಬಿಟ್ಟಿದೆ ಎಂದುಕೊಂಡ. ಕ್ಯಾಪ್ಟನ್ ಗಾಸ್ಪರ್ ಉರಿಯೊಸ್ತೆಗೆ ವಿಷಯ ಗೊತ್ತಾಗಿಬಿಟ್ಟಿದೆ. ಹೇಳಿದವರು ಯಾರು ಎಂದು ಹುಡುಕಬೇಕಾದ್ದೂ ಇಲ್ಲ. ಬೆಲೆನ್ ಅದೇ ವಿಮಾನದಲ್ಲಿದ್ದಾಳೆ. ರಾಜಧಾನಿಯಲ್ಲಿ ಮದುವೆಯ ಉಡುಪು ಹೊಲಿಸಿಕೊಂಡು ಬರುತ್ತಿರುವ ಸೆವೆರೊನ ಮಗಳು, ಹುಟ್ಟಿದಾಗಿನಿಂದ ಯಾವ ಮಾತನ್ನೂ ಒಂದು ಗಂಟೆಗಿಂತ ಹೆಚ್ಚು ಹೊಟ್ಟೆಯೊಳಗೆ ಇಟ್ಟುಕೊಂಡವಳಲ್ಲ. ರಾಜಧಾನಿಯಿಂದ ಇಲ್ಲಿಗೆ ಹಾರುವುದಕ್ಕೇ ಒಂದು ಗಂಟೆ ಹತ್ತು ನಿಮಿಷ ಬೇಕು. ಮುಂದೆ ಹೋಗಿ ಕ್ಯಾಪ್ಟನ್ನನ ಕುರ್ಚಿಯ ಹಿಂದೆ ನಿಂತು ಎಲ್ಲ ಒದರಿರುತ್ತಾಳೆ. ಅದಕ್ಕೇ ಅವನು ಇಳಿಯುತ್ತಿಲ್ಲ. ಮೈಕಿನ ಮುಂದೆ ಕುಳಿತ ಸೆವೆರೊ ಕೊರಳಪಟ್ಟಿ ಸಡಿಲಿಸಿಕೊಂಡ. ಟವರಿನ ಗಾಜಿನ ಕೋಣೆಯ ಇನ್ನೊಂದು ಮೂಲೆಯಲ್ಲಿ ಹವಾಮಾನ ಬರೆದುಕೊಳ್ಳುವ ದೊನ್ಯಾ ಕ್ರಿಸ್ಪೀನಾ ಸ್ವೆಟರು ಹೆಣೆಯುತ್ತಿದ್ದಳು. ಆಕೆ ತಲೆ ಎತ್ತದೆಯೇ, ಮೂರಾಯ್ತು, ಅಂದಳು.

ಸಾಂತಾ ರುಫಿನಾದಲ್ಲಿ ಸಮತಟ್ಟಾದ ಜಾಗ ಅಂತ ಇರುವುದು ರನ್‌ವೇ ಒಂದೇ. ಉಳಿದ ಊರೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು. ಹಾಗಾಗಿ ಕಾರ್ನಿವಾಲ್ ಹತ್ತಿರ ಬಂತೆಂದರೆ ಕುಣಿತದ ಸಂಘದವರು ತುತ್ತೂರಿ, ನಗಾರಿ ಹೊತ್ತುಕೊಂಡು ತಾಲೀಮಿಗೆ ಅಲ್ಲಿಗೇ ಬರುತ್ತಾರೆ. ಸೆವೆರೊ ಮೇಲಿನಿಂದ ಕೆಂಪು ಬಾವುಟ ಬೀಸಿದರೆ ಜಾಗ ಖಾಲಿ ಮಾಡಬೇಕು, ಅದು ಒಪ್ಪಂದ. ಇವತ್ತು ಬಾವುಟ ಬೀಸಿದ ಹೊತ್ತಿಗೆ ಸರಿಯಾಗಿ ದೊಡ್ಡ ನಗಾರಿಯ ಪಟ್ಟಿ ಹರಿದು, ಅದು ರನ್‌ವೇಯ ಉದ್ದಕ್ಕೂ ಉರುಳುತ್ತ ಹೋಗಿ, ಅದರ ಹಿಂದೆ ಹನ್ನೆರಡು ಜನ ಓಡಿದರು. ಗಾಸ್ಪರನಿಗೆ, ನಾನು ಕರೆಯುವ ತನಕ ಕೆರೆಯ ಮೇಲೆ ಸುತ್ತುತ್ತಿರಿ, ಎಂದು ಹೇಳಬೇಕಾಗಿ ಬಂದದ್ದು ಹಾಗೆ. ನಗಾರಿ ಸಿಕ್ಕಿತು, ರನ್‌ವೇ ಖಾಲಿಯಾಯಿತು, ಸೆವೆರೊ ಮೈಕಿನ ಗುಂಡಿ ಒತ್ತಿ ಇಳಿಯಲು ಅನುಮತಿ ಕೊಟ್ಟ. ಕೊಟ್ಟ ಅನುಮತಿಯನ್ನು ಪೈಲಟ್ ಮಾತಿಗೆ ಮಾತು ಮರಳಿ ಹೇಳಬೇಕು. ತಪ್ಪು ಹೇಳಿದರೆ ಟವರಿನವನು ತಿದ್ದಬೇಕು. ಹೇಳದೇ ಹೋದರೆ ಮತ್ತೆ ಕೇಳಬೇಕು. ನಿಯಮ ಅದು. ಗಾಸ್ಪರ್ ಮರಳಿ ಹೇಳಲಿಲ್ಲ. ಗುಂಡಿ ಬಿಟ್ಟಾಗ ಸೆವೆರೊನ ಕಿವಿಗೆ ಬಿದ್ದದ್ದು ಬೇರೆ ಯಾರದೋ ಮಾತಿನ ಬಾಲ: ತಗ್ಗಿನ ಸೀಮೆಯಿಂದ ವಾರಕ್ಕೆರಡು ಸಲ ವಿಮಾನದಲ್ಲಿ ದನದ ಮಾಂಸ ಹೇರಿಕೊಂಡು ಬರುವ ಮೆಲ್ಗಾರ್, ನಾನೂ ಬಂದೆ, ಎನ್ನುತ್ತಿದ್ದ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಮೂರನೆಯವನಿಗೆ ಬರೀ ಕೀರಲು ಕೇಳಿಸುತ್ತದೆ ಎಂಬುದು ಈ ಕೆಲಸದ ಅ ಆ ಇ ಈ. ಬೇರೆ ಯಾವ ದಿನವಾಗಿದ್ದರೂ ಸೆವೆರೊಗೆ ಮೊದಲು ಅದೇ ಹೊಳೆಯುತ್ತಿತ್ತು. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಉತ್ತರ ಬಾರದಿದ್ದದ್ದೇ ಉತ್ತರ ಎಂದು ಅವನು ತಿಳಿದುಕೊಂಡ.

ಯಾಕೆಂದರೆ ಗಾಸ್ಪರ್ ಅವನ ಕೊಂಪಾದ್ರೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಬೆಲೆನ್‌ಳ ಹುಟ್ಟುಗೂದಲಿನ ಮೊದಲ ಎಳೆ ಕತ್ತರಿಸಿ ಅವಳ ಪದ್ರಿನೊ, ಅಂದರೆ ಧರ್ಮತಂದೆ, ಆದವನು. ಕತ್ತರಿ ಆಡಿದ ಗಳಿಗೆಯಿಂದ ಮಗುವಿನ ತಂದೆಯೂ ಪದ್ರಿನೊನೂ ಪರಸ್ಪರ ಕೊಂಪಾದ್ರೆಗಳು, ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಒಡಹುಟ್ಟಿದವರು ಕಚ್ಚಾಡಬಹುದು, ಕೋರ್ಟಿನ ಮೆಟ್ಟಿಲು ಹತ್ತಬಹುದು. ಕೊಂಪಾದ್ರೆಗಳಿಗೆ ಆ ಭಾಗ್ಯವಿಲ್ಲ. ಎದುರಾಡುವಂತಿಲ್ಲ, ತಿದ್ದುವಂತಿಲ್ಲ, ಹೇಳಿದ್ದನ್ನು ಎರಡನೆಯ ಸಲ ಕೇಳುವಂತಿಲ್ಲ. ಅಲ್ಲಿಯವರೆಗೆ ಒಂದೇ ಸಿಗರೇಟನ್ನು ಹಂಚಿಕೊಂಡು ಸೇದುತ್ತಿದ್ದವರು, ಕುಡಿದು ಬಾಯಿಗೆ ಬಂದಂತೆ ಬೈದಾಡಿಕೊಳ್ಳುತ್ತಿದ್ದವರು, ಮರುದಿನದಿಂದ ಬಾಗಿಲಲ್ಲಿ ಎದುರಾದರೆ ತಾವು ಮುಂದೆ, ತಾವು ಮುಂದೆ ಎನ್ನುತ್ತ ಹೊಸ್ತಿಲಲ್ಲೇ ನಿಲ್ಲತೊಡಗಿದರು. ಕೂದಲು ಕತ್ತರಿಸಿದ ದಿನದ ಫೋಟೋದಲ್ಲಿ ಸಮವಸ್ತ್ರದ ಗಾಸ್ಪರ್ ಮಗುವನ್ನು ಎತ್ತಿಕೊಂಡು ನಡುವೆ ನಿಂತಿದ್ದಾನೆ, ಸುತ್ತ ಊರೇ ನಿಂತಿದೆ. ಬಲತುದಿಯಲ್ಲಿ ಒಂದು ಭುಜ ಕಾಣುತ್ತದೆ, ಅದು ಸೆವೆರೊ. ಬೆಲೆನ್‌ಗೆ ಹದಿನೈದು ತುಂಬಿದ ಹಬ್ಬದಲ್ಲಿ ಮೊದಲ ಕುಣಿತ ಅಪ್ಪನದು. ಸೆವೆರೊ ಮೂರು ವಾರ ಅಡುಗೆಮನೆಯಲ್ಲಿ ಕುರ್ಚಿ ಹಿಡಿದುಕೊಂಡು ಹೆಜ್ಜೆ ಕಲಿತಿದ್ದ. ಸಂಗೀತ ಶುರುವಾಗುವ ಹೊತ್ತಿಗೆ ಗಾಸ್ಪರ್ ವಿಮಾನದಿಂದ ನೇರವಾಗಿ ಬಂದ, ಜನ ಚಪ್ಪಾಳೆ ತಟ್ಟಿದರು, ಯಾರೋ ಹುಡುಗಿಯ ಕೈಯನ್ನು ಅವನ ಕೈಯಲ್ಲಿ ಇಟ್ಟರು. ಗಾಸ್ಪರ್ ಕಣ್ಣಲ್ಲೇ ಇವನನ್ನು ಕೇಳಿದ. ಇವನು, ದಯವಿಟ್ಟು ಕೊಂಪಾದ್ರೆ, ಎಂದು ಕೈ ತೋರಿಸಿದ. ತೋರಿಸದೆ ಇನ್ನೇನು ಮಾಡಬೇಕಿತ್ತು?

ಮದುವೆಯಲ್ಲೂ ಪದ್ರಿನೊ ಆಗಿ ಮಗಳ ಪಕ್ಕ ನಿಲ್ಲಿರೆಂದು ಕೇಳಲು ಬುಟ್ಟಿಯಲ್ಲಿ ರೊಟ್ಟಿ, ಹಣ್ಣು, ಒಂದು ಶೀಸೆ ಇಟ್ಟುಕೊಂಡು ಅವರ ಮನೆಗೆ ಹೋಗುವುದು ಪದ್ಧತಿ. ಸೆವೆರೊ ಹೋದ. ಗಾಸ್ಪರನ ಮನೆಯ ತಿರುವಿನವರೆಗೂ ಹೋದ. ಕಿಟಕಿಯಲ್ಲಿ ದೀಪ ಇತ್ತು, ಅಡುಗೆಯ ವಾಸನೆ ಬರುತ್ತಿತ್ತು. ಅಲ್ಲಿಂದ ಹಿಂದಿರುಗಿ ಅದೇ ಬುಟ್ಟಿಯನ್ನು ಜಲ್ಲಿ ಕ್ರಷರ್ ಇಟ್ಟಿರುವ ದೊನ್ ಎವಾರಿಸ್ತೊನ ಮನೆಗೆ ಒಯ್ದು ಕೊಟ್ಟ. ಹೆಂಡತಿ ಕೇಳಿದ್ದಕ್ಕೆ, ಕ್ಯಾಪ್ಟನ್ ಯಾವಾಗಲೂ ಆಕಾಶದಲ್ಲೇ ಇರ್ತಾರೆ, ಮದುವೆ ದಿನವೇ ವಿಮಾನ ತಡವಾದರೆ ಮರ್ಯಾದೆ ಉಳಿಯುತ್ತಾ, ಅಂದ. ಅವಳು ನಂಬಿದಳೋ, ನಂಬಿದಂತೆ ಮಾಡಿದಳೋ. ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಗಾಸ್ಪರನಿಗೆ ಮಾತ್ರ ಹೇಳಲಿಲ್ಲ. ಆರು ವಾರದಿಂದ ದಿನವೂ ಈ ಮೈಕಿನಲ್ಲಿ ಗಾಳಿ ಎಷ್ಟು, ಮೋಡ ಎಷ್ಟು ಎಂದು ಹೇಳಿದ್ದಾನೆ, ಇದೊಂದನ್ನು ಹೇಳಿಲ್ಲ. ನಿನ್ನೆ ಕರೆಯೋಲೆಗಳು ಎವಾರಿಸ್ತೊನ ಹೆಸರಿನೊಂದಿಗೆ ಅಚ್ಚಾಗಿ ಬಂದವು.

ನಾಲ್ಕನೆಯ ಸುತ್ತಿನಲ್ಲಿ ಗಾಸ್ಪರನ ದನಿ ಬಂತು. ಕೆರೆಯ ಮೇಲಿದ್ದೇನೆ, ತಮ್ಮ ಅಪ್ಪಣೆಯಂತೆ ಸುತ್ತುತ್ತಿದ್ದೇನೆ, ಅಂದ. ಎಂದಿನ ದನಿಯೇ, ಮೃದುವಾಗಿ, ಒಂದೊಂದು ಮಾತನ್ನೂ ಒರೆಸಿ ಇಟ್ಟಂತೆ. ಆದರೆ ಸೆವೆರೊಗೆ ಅಪ್ಪಣೆ ಎಂಬ ಮಾತು ಚುಚ್ಚಿತು. ಎಷ್ಟು ಸಣ್ಣಗೆ ಕುಯ್ಯುತ್ತಾನೆ ಮಹರಾಯ, ರಕ್ತವೂ ಬರುವುದಿಲ್ಲ. ಅನುಮತಿಯನ್ನು ಮತ್ತೊಮ್ಮೆ ಹೇಳಿದರೆ ಮುಗಿಯುತ್ತಿತ್ತು. ಬೆರಳು ಗುಂಡಿಯ ಮೇಲೆಯೇ ಇತ್ತು. ಆದರೆ ಕೊಂಪಾದ್ರೆಗೆ ಒಂದೇ ಅಪ್ಪಣೆಯನ್ನು ಎರಡು ಸಲ ಕೊಡುವುದೆಂದರೆ ಮೊದಲ ಸಲ ಅವರು ಕಡೆಗಣಿಸಿದರೆಂದು ಮುಖಕ್ಕೆ ಹೊಡೆದು ಹೇಳಿದಂತೆ. ಅದೂ ಇವನು, ಇಂಥ ದಿನ, ಯಾವ ಮುಖ ಇಟ್ಟುಕೊಂಡು ಹೇಳುವುದು? ಹಾಗಾಗಿ ಅವನು ಮೈಕಿನಲ್ಲಿ, ತಮಗೆ ಯಾವಾಗ ಅನುಕೂಲವೋ ಆವಾಗ, ಎಂದಷ್ಟೇ ಹೇಳಿದ. ನನ್ನದೇನೂ ಅವಸರವಿಲ್ಲ, ತಮ್ಮ ಅನುಕೂಲವೇ ನನ್ನ ಅನುಕೂಲ, ಎಂದು ಉತ್ತರ ಬಂತು. ವಿಮಾನ ಐದನೆಯ ಸುತ್ತಿಗೆ ತಿರುಗಿತು.

ಕೆಳಗೆ ಕುಣಿತದವರು ಇದನ್ನು ಬೇರೆಯೇ ತರಹ ಅರ್ಥ ಮಾಡಿಕೊಂಡರು. ಕ್ಯಾಪ್ಟನ್ ಕಾರ್ನಿವಾಲಿಗೆ ಗೌರವ ಸಲ್ಲಿಸುತ್ತಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ಬೇಲಿಯ ಪಕ್ಕ ಸಾಲಾಗಿ ನಿಂತು ತುತ್ತೂರಿ ಊದತೊಡಗಿದರು. ವಿಮಾನ ಪ್ರತಿ ಸಲ ತಲೆಯ ಮೇಲೆ ಬಂದಾಗ ನಗಾರಿಯವನು ಮೈಮೇಲೆ ಬಂದವನಂತೆ ಬಡಿಯುತ್ತಿದ್ದ. ಬಸ್‌ಸ್ಟ್ಯಾಂಡಿನ ಹೆಂಗಸರು ಬುಟ್ಟಿ ಬಿಟ್ಟು ಬಂದು ಕೈ ಬೀಸಿದರು. ಸೆವೆರೊ ಇದನ್ನೆಲ್ಲ ಗಾಜಿನ ಹಿಂದಿನಿಂದ ನೋಡಿದ, ಅವನಿಗೆ ಫ್ಲೈಯಿಂಗ್ ಸ್ಕೂಲಿನ ಒಂದು ಬೆಳಿಗ್ಗೆ ನೆನಪಾಯಿತು. ಅವನಿಗೂ ಗಾಸ್ಪರನಿಗೂ ಆಗ ಇಪ್ಪತ್ತು. ವಿಮಾನ ಹೀಗೇ ವಾಲಿತ್ತು, ಹೀಗೇ ಕೆರೆ ಕೆಳಗಿನಿಂದ ಮೇಲಕ್ಕೆ ಎದ್ದು ಬಂದಿತ್ತು, ಅವನು ತನ್ನ ಟೋಪಿಯೊಳಗೆ ವಾಂತಿ ಮಾಡಿಕೊಂಡಿದ್ದ. ಮೂರು ದಿನ, ಮೂರು ಟೋಪಿ. ಪಕ್ಕದಲ್ಲಿದ್ದ ಗಾಸ್ಪರ್ ಯಾರಿಗೂ ಹೇಳಲಿಲ್ಲ; ಟೋಪಿಯನ್ನು ತಾನೇ ತೊಳೆದು ತಂದುಕೊಟ್ಟ. ಆ ಉಪಕಾರವನ್ನು ಸೆವೆರೊ ಇವತ್ತಿಗೂ ಕ್ಷಮಿಸಿಲ್ಲ.

ಆರನೆಯ ಸುತ್ತಿಗೆ ಮೆಲ್ಗಾರ್‌ನ ತಾಳ್ಮೆ ಮುಗಿಯಿತು. ಅವನು ಗಾಸ್ಪರನ ಮೇಲೆ, ಒಂದು ಸಾವಿರ ಅಡಿ ಎತ್ತರದಲ್ಲಿ, ತನ್ನ ಹಳೆಯ ತಗಡು ವಿಮಾನದಲ್ಲಿ ಸುತ್ತುತ್ತಿದ್ದ. ತಗ್ಗಿನ ಸೀಮೆಯವರಿಗೆ ಬೆಟ್ಟದವರ ಉಪಚಾರವೆಂದರೆ ಮೊದಲಿನಿಂದಲೂ ನಗೆಪಾಟಲು.

"ಅಣ್ಣಂದಿರಾ, ನಿಮ್ಮ ಉಪಚಾರ ಮುಗಿದ್ರೆ ಒಂದು ಮಾತು ಹೇಳಿ. ನನ್ನ ದನ ಸತ್ತಿದ್ದು ಬೆಳಗಿನ ಜಾವ. ಇನ್ನರ್ಧ ಗಂಟೆ ಹೀಗೇ ಸುತ್ತಿಸಿದ್ರೆ ಅದೇ ಎದ್ದು ನಡ್ಕೊಂಡು ಹೋಗತ್ತೆ."

ಹಾಗಿದ್ದರೆ ದಯವಿಟ್ಟು ಮಾಂಸದವರೇ ಮೊದಲು ಇಳಿಯಲಿ ಎಂದು ಗಾಸ್ಪರ್ ಕೂಡಲೇ ಹೇಳಿದ. ಆಮೇಲೆ ಬಂದವರನ್ನು ಮೊದಲು ಇಳಿಸಿ ಕ್ಯಾಪ್ಟನ್ನರಿಗೆ ಅವಮಾನ ಮಾಡಲಾರೆ ಎಂದು ಸೆವೆರೊ ಹೇಳಿದ. ತನಗೆ ಅವಮಾನವೇನೂ ಇಲ್ಲವೆಂದು ಗಾಸ್ಪರ್, ತಮಗಿಲ್ಲದಿದ್ದರೂ ಟವರಿಗಿದೆ ಎಂದು ಸೆವೆರೊ. ಹೀಗೆ ಮತ್ತೊಂದು ಸುತ್ತು ಕಳೆಯಿತು. ಮೆಲ್ಗಾರ್ ತನ್ನ ಸೀಮೆಯ ಮಾತಿನಲ್ಲಿ ಏನೋ ಗೊಣಗಿದ್ದು ಕೇಳಿಸಿತು, ಅದು ಬರೆಯುವಂಥದ್ದಲ್ಲ.

ಏಳಾಯ್ತು, ಅಂದಳು ಕ್ರಿಸ್ಪೀನಾ. ಅಂದವಳು ಸೂಜಿಗಳನ್ನು ಉಂಡೆಗೆ ಚುಚ್ಚಿ ಪಕ್ಕಕ್ಕಿಟ್ಟಳು. ಇಪ್ಪತ್ತು ವರ್ಷದಲ್ಲಿ ಆಕೆ ಕೆಲಸದ ವೇಳೆಯಲ್ಲಿ ಹೆಣಿಗೆ ಕೆಳಗಿಟ್ಟದ್ದನ್ನು ಸೆವೆರೊ ನೋಡಿರಲಿಲ್ಲ. ಆಕೆ ಎದ್ದು ಬಂದು ಅವನ ಮುಂದಿದ್ದ ಕಾಗದದ ಪಟ್ಟಿಯ ಮೇಲೆ ಬೆರಳಿಟ್ಟಳು. ಗಾಸ್ಪರ್ ಹೊರಟಾಗ ಬರೆಸಿದ ಪಟ್ಟಿ: ಎರಡು ಗಂಟೆಯ ಇಂಧನ, ಮೂವತ್ತೆಂಟು ಪ್ರಯಾಣಿಕರು. ಇಲ್ಲಿಗೆ ಬರುವುದಕ್ಕೆ ಒಂದು ಗಂಟೆ ಹತ್ತು ನಿಮಿಷ ಹೋಯಿತು. ಒಂದು ಸುತ್ತಿಗೆ ಐದು ನಿಮಿಷ. ಅವನು ಹೊರಟ ಮೇಲೆ ರಾಜಧಾನಿಯಲ್ಲಿ ಮಂಜು ಮುಚ್ಚಿದೆ, ಹಿಂದಿರುಗಿ ಹೋಗುವ ದಾರಿಯಿಲ್ಲ. ಸೆವೆರೊ ಲೆಕ್ಕವನ್ನು ಎರಡು ಸಲ ಮಾಡಿದ. ಉಳಿದದ್ದು ಹದಿನೈದು ನಿಮಿಷ. ಗುಂಡಿ ಒತ್ತಿ, ಇಂಧನ ಹೇಗಿದೆ, ಎಂದು ಕೇಳಿದ.

"ಸಾಕಷ್ಟಿದೆ, ಧನ್ಯವಾದ. ತಾವು ದಯವಿಟ್ಟು ತಲೆ ಕೆಡಿಸ್ಕೋಬೇಡಿ."

"ಸಾಕಷ್ಟೂ ಇಲ್ಲ, ಮಣ್ಣೂ ಇಲ್ಲ," ಎಂದು ಮೇಲಿನಿಂದ ಮೆಲ್ಗಾರ್ ಬಾಯಿ ಹಾಕಿದ. "ನಾನೂ ಪೈಲಟ್ಟೇ. ನಂಗೂ ಲೆಕ್ಕ ಬರತ್ತೆ."

ಗಾಸ್ಪರನ ಪಕ್ಕದಲ್ಲಿ ಸಹಪೈಲಟ್ ಒಬ್ಬನಿದ್ದಾನೆ, ನಿಜ. ಆದರೆ ಅವನು ಹತ್ತು ವರ್ಷದಿಂದ ಕ್ಯಾಪ್ಟನ್ ಕೆಮ್ಮಿದರೆ ಮಾತ್ರ ಕೆಮ್ಮುವವನು. ಎಂಟನೆಯ ಸುತ್ತು. ಸಾಯುತ್ತಾನೆ, ಎಂದುಕೊಂಡ ಸೆವೆರೊ. ನನ್ನನ್ನು ಒಂದು ಮಾತು ಅನ್ನುವುದರ ಬದಲು ಸಾಯುತ್ತಾನೆ, ನನ್ನ ಮಗಳನ್ನೂ ಕರೆದುಕೊಂಡು, ಇಂಧನ ಸಾಕಷ್ಟಿದೆ ಎನ್ನುತ್ತಲೇ ಆ ಕೆರೆಗೆ ಬೀಳುತ್ತಾನೆ. ಆಮೇಲೆ ಊರು ಅವನನ್ನು ಹೂವಿನಲ್ಲಿ ಮುಚ್ಚುತ್ತದೆ. ಆ ಫೋಟೋದಲ್ಲೂ ನಾನಿರುವುದಿಲ್ಲ. ಹೀಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಮಗಳು ಮೇಲಿದ್ದಾಳೆ, ನೀನು ಫೋಟೋ ಎಣಿಸುತ್ತಿದ್ದೀಯ. ಒಂಬತ್ತನೆಯ ಸುತ್ತಿಗೆ ವಿಮಾನ ವಾಲಿತು. ಕೆಳಗೆ ನಗಾರಿ ಬಡಿಯುತ್ತಲೇ ಇತ್ತು.

"ದೊನ್ ಸೆವೆರೊ," ಎಂದಳು ಕ್ರಿಸ್ಪೀನಾ, "ನಿಮ್ಮಿಬ್ಬರ ಮರ್ಯಾದೆಗೆ ಮೂವತ್ತೆಂಟು ಜನ ಸಾಯಬೇಕಾ? ಏನು ಮಾಡಿದೀರೋ ಹೇಳಿ ಮುಗಿಸಿ. ಊರಿಗೆಲ್ಲ ಗೊತ್ತು, ಅವರೊಬ್ಬರಿಗೆ ಗೊತ್ತಾದರೆ ಏನು ಹೋಗತ್ತೆ?"

ಮೈಕಿನಲ್ಲಿ ಆಡಿದ ಪ್ರತಿ ಮಾತೂ ಟೇಪಿಗೆ ಹೋಗುತ್ತದೆ, ಟೇಪು ತಿಂಗಳಿಗೊಮ್ಮೆ ರಾಜಧಾನಿಗೆ ಹೋಗುತ್ತದೆ, ಅಲ್ಲಿ ಕನ್ನಡಕ ಹಾಕಿದ ಯಾರೋ ಕುಳಿತು ಕೇಳುತ್ತಾರೆ. ಸೆವೆರೊಗೆ ಇದು ಗೊತ್ತಿತ್ತು. ಮೇಲೆ ಮೆಲ್ಗಾರ್ ಕೇಳುತ್ತಾನೆ, ನಾಳೆ ತಗ್ಗಿನ ಸೀಮೆಯ ಪ್ರತಿ ಕಟುಕನಂಗಡಿಯಲ್ಲಿ ಅದು ಕಥೆಯಾಗುತ್ತದೆ ಎಂಬುದೂ ಗೊತ್ತಿತ್ತು. ಅವನು ಗುಂಡಿ ಒತ್ತಿದ.

"ಟವರ್ ಮಾತಾಡ್ತಿದೆ. ಅಲ್ಲ, ನಾನು, ಸೆವೆರೊ. ಕೊಂಪಾದ್ರೆ, ಬೆಲೆನ್ ಹೇಳಿದ್ದು ನಿಜ. ಮದುವೆಗೆ ಪದ್ರಿನೊ ದೊನ್ ಎವಾರಿಸ್ತೊ. ಬುಟ್ಟಿ ತಗೊಂಡು ನಿಮ್ಮ ಮನೆ ತಿರುವಿನ ತನಕ ಬಂದಿದ್ದೆ, ಅಲ್ಲಿಂದ ವಾಪಸ್ ಹೋದೆ. ವಿಮಾನ ತಡವಾಗತ್ತೆ ಅಂತ ನಿಮ್ಮನ್ನ ಬಿಟ್ಟೆ ಅಂತ ಊರಿಗೆಲ್ಲ ಹೇಳಿದೀನಿ. ಅದು ಸುಳ್ಳು. ನೀವು ಪಕ್ಕದಲ್ಲಿ ನಿಂತ್ರೆ ಅಪ್ಪ ಯಾರು ಅಂತ ಯಾರೂ ನೋಡಲ್ಲ. ನನ್ನ ಮಗಳ ಮದುವೇಲಾದರೂ ಒಂದು ಫೋಟೋದಲ್ಲಿ ನಾನು ಪೂರ್ತಿ ಇರಬೇಕು ಅನ್ನಿಸ್ತು. ಅಷ್ಟೇ. ಹೊಟ್ಟೆಕಿಚ್ಚು. ಇಷ್ಟಕ್ಕೆ ಅಷ್ಟು ಜನರನ್ನ ಕೊಲ್ಲಬೇಡಿ. ಇಳೀರಿ."

ಬೆರಳು ತೆಗೆದ. ಸ್ಪೀಕರಿನಲ್ಲಿ ಬರೀ ಗರಗರ ಸದ್ದು. ಕ್ರಿಸ್ಪೀನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ವಿಮಾನ ಕೆರೆಯ ಆಚೆ ದಂಡೆ ತಲುಪಿತು.

"ಟವರ್, ಕೇಳಿಸ್ತು," ಎಂದಿತು ಗಾಸ್ಪರನ ದನಿ. ಮತ್ತೆ ಗರಗರ. "ಬೆಲೆನ್ ಏನೂ ಹೇಳಿಲ್ಲ. ಹತ್ತಿದಾಗಿನಿಂದ ಹಿಂದೆ ನಿದ್ದೆ ಮಾಡ್ತಿದಾಳೆ. ಮೊದಲನೇ ಸುತ್ತಲ್ಲಿ ತಾವು ಏನೋ ಹೇಳೋವಾಗ ನನಗೆ ಬರೀ ಕೀರಲು ಕೇಳ್ತು. ತಾವಾಗೇ ಕರೀತೀರಿ ಅಂತ ಕಾಯ್ತಾ ಇದ್ದೆ." ಆಮೇಲೆ, "ಇಳಿಯೋ ಅನುಮತಿಯನ್ನ ಮಾತ್ರ ಇನ್ನೊಂದು ಸಲ ಹೇಳಿ," ಎಂದಿತು.

ಸೆವೆರೊ ಹೇಳಿದ. ರನ್‌ವೇ ಖಾಲಿ ಇದೆ, ಗಾಳಿ ಇಲ್ಲ, ಇಳಿಯಬಹುದು. ತನ್ನ ದನಿ ಯಾರದೋ ಹರಾಜಿನ ನೋಟೀಸು ಓದಿದಂತೆ ಅವನಿಗೆ ಕೇಳಿಸಿತು. ರನ್‌ವೇ ಖಾಲಿ ಇದೆ, ಗಾಳಿ ಇಲ್ಲ, ಇಳಿಯುತ್ತಿದ್ದೇನೆ, ಎಂದು ಗಾಸ್ಪರ್ ಮರಳಿ ಹೇಳಿದ. ಆವರೆಗೆ ಯಾರ ಮಾತಿಗೂ ಬಾಯಿ ಹಾಕದೆ ಬಿಡದ ಮೆಲ್ಗಾರ್ ಕೂಡ ತುಟಿ ಪಿಟಕ್ಕೆನ್ನಲಿಲ್ಲ. ಅವನ ಆ ಮೌನವೇ ಸೆವೆರೊಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸಿತು.

ವಿಮಾನ ಇಳಿಯಿತು. ನೆಲ ಮುಟ್ಟಿ, ಓಡಿ, ನಿಧಾನವಾಗಿ, ರನ್‌ವೇಯ ತುದಿಯಲ್ಲಿ ಹೊರಳಲು ಹೋದಾಗ ಎಡಗಡೆಯ ಪಂಖ ಎರಡು ಸಲ ತಡವರಿಸಿ ನಿಂತಿತು. ಆಮೇಲೆ ಬಲಗಡೆಯದು. ಬಾಲ ರನ್‌ವೇಯ ಮೇಲೆ, ಮೂತಿ ಹುಲ್ಲಿನ ಕಡೆ, ಅಲ್ಲೇ ನಿಂತಿತು. ಬ್ಯಾಂಡಿನವರು ಜೈಕಾರ ಹಾಕುತ್ತ ಅತ್ತ ಓಡಿದರು. ಜನ ಇಳಿದು ನಡೆದುಕೊಂಡೇ ಬಂದರು, ಕೆಲವರು ಟವರಿನ ಕಡೆ ಮುಷ್ಟಿ ತೋರಿಸಿದರು. ಬೆಲೆನ್ ಕೊನೆಗೆ ಇಳಿದಳು, ದೊಡ್ಡ ರಟ್ಟಿನ ಪೆಟ್ಟಿಗೆ ಹಿಡಿದು, ನಿದ್ದೆಗಣ್ಣಿನಲ್ಲಿ ಟವರಿನತ್ತ ನೋಡಿ ಅಪ್ಪನಿಗೆ ಕೈ ಬೀಸಿದಳು. ಮೈಕಿನಲ್ಲಿ ನಡೆದದ್ದು ಅವಳಿಗೆ ಏನೂ ಗೊತ್ತಿರಲಿಲ್ಲ. ಗೇಟಿನ ಬಳಿ ಅವಳನ್ನು ಕರೆದೊಯ್ಯಲು ದೊನ್ ಎವಾರಿಸ್ತೊ ತನ್ನ ಜೀಪು ನಿಲ್ಲಿಸಿಕೊಂಡಿದ್ದ. ಗಾಸ್ಪರ್ ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಅಲ್ಲಿಯವರೆಗೂ ಹೊತ್ತು ನಡೆದ. ಜೀಪಿನ ಹಿಂದೆ ಇಟ್ಟ. ಜಲ್ಲಿಯವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ತಲೆ ಬಾಗಿಸಿ, ಏನೋ ಹೇಳಿದ. ಏನು ಹೇಳಿದನೆಂದು ಇಷ್ಟು ದೂರದಿಂದ ಕೇಳಿಸಲಿಲ್ಲ, ಆದರೆ ಸೆವೆರೊಗೆ ಕೇಳಿಸಬೇಕಾಗಿಯೂ ಇರಲಿಲ್ಲ. ಜೀಪು ಹೋಯಿತು. ಗಾಸ್ಪರ್ ಒಬ್ಬನೇ ಹಿಂದಿರುಗಿ ಬಂದು ತನ್ನ ವಿಮಾನದ ರೆಕ್ಕೆಯ ಕೆಳಗೆ ನಿಂತ. ಸುಮ್ಮನೆ ನಿಂತ.

ಇಳಿದು ಹೋಗಿ ದೊನ್ ಸೆವೆರೊ, ಇಲ್ಲಾಂದ್ರೆ ಸಂಜೆ ತನಕ ಹಾಗೇ ನಿಂತಿರ್ತಾರೆ, ಅಂದಳು ಕ್ರಿಸ್ಪೀನಾ.

ಆಗ ಸ್ಪೀಕರು ಕೆಮ್ಮಿತು. ಹಾಗಾದ್ರೆ ನನ್ನ ಗತಿ, ಎಂದು ಮೆಲ್ಗಾರ್ ಕೇಳಿದ, ಬಹಳ ಮೆತ್ತಗೆ. ವಿಮಾನವನ್ನು ಎಳೆಯುವ ತನಕ ಹೇಗೂ ರನ್‌ವೇ ಇಲ್ಲ, ಒಂದೇ ಒಂದು ಸುತ್ತು ಹಾಕಿ, ಎಂದು ಸೆವೆರೊ ಬೇಡಿಕೊಂಡ.

"ಹಾಕ್ತೀನಿ. ಆದ್ರೆ ನೀವಿಬ್ರೂ ಮತ್ತೆ ತಾವು ಮುಂದೆ ತಾವು ಮುಂದೆ ಅಂತ ಶುರು ಮಾಡಿದ್ರೆ ಈ ದನಾನ ನಿಮ್ಮ ತಲೆ ಮೇಲೇ ಇಳಿಸ್ತೀನಿ."

ಮೆಟ್ಟಿಲು ಇಳಿಯುವಾಗ ಸೆವೆರೊ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡ. ಹುಲ್ಲು ದಾಟುವಾಗ ಅವುಗಳ ಕ್ರಮ ಬದಲಿಸಿದ. ರೆಕ್ಕೆಯ ಬಳಿ ಬರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಅವನು ಮೇಲೆಯೇ, ಟೇಪಿನ ಮುಂದೆ ಹೇಳಿ ಖಾಲಿ ಮಾಡಿಕೊಂಡಿದ್ದ. ಗಾಸ್ಪರ್ ಮುದುಕನಾಗಿದ್ದಾನೆ ಎಂಬುದು ಈಗ ಹತ್ತಿರದಿಂದ ಕಂಡಿತು. ಸಮವಸ್ತ್ರದ ಭುಜ ಅವನಿಗೆ ದೊಡ್ಡದಾಗಿತ್ತು, ಕಂಕುಳು ಬೆವರಿನಲ್ಲಿ ತೊಯ್ದಿತ್ತು. ಇಬ್ಬರೂ ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ಮೊದಲು ಯಾರು ಎಂದು ಇಬ್ಬರೂ ಕಾದರು. ಕೊನೆಗೆ ಸೆವೆರೊನೇ ಬಾಯಿ ತೆರೆದ, ಬಂದದ್ದು ಅವನು ಅಂದುಕೊಳ್ಳದ ಮಾತು.

"ಇಂಧನ ಎಷ್ಟಿತ್ತು?"

"ಸಾಕಷ್ಟಿತ್ತು, ಕೊಂಪಾದ್ರೆ. ತಾವು ಚಿಂತೆ ಮಾಡಬೇಡಿ."

ಅವನ ತಲೆಯ ಹಿಂದೆಯೇ ಪಂಖ ನಿಂತಿತ್ತು. ಯಾರೋ ಟ್ರ್ಯಾಕ್ಟರಿಗಾಗಿ ಕೂಗುತ್ತಿದ್ದರು.

"ಇರಲಿಲ್ಲ," ಎಂದ ಸೆವೆರೊ.

ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಕೊಂಪಾದ್ರೆಯ ಒಂದು ಮಾತನ್ನೂ ಹೀಗೆ ತಿದ್ದಿರಲಿಲ್ಲ. ಗಾಸ್ಪರ್ ಅವನನ್ನು ನೋಡಿದ. ಟೋಪಿ ತೆಗೆದ, ಅದನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ತಿಳಿಯದವನಂತೆ ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ಇರಲಿಲ್ಲ," ಎಂದು ಮರಳಿ ಹೇಳಿದ.

ಹೇಳಿದ ಮೇಲೆ ರೆಕ್ಕೆಯ ನೆರಳಿನಲ್ಲಿ ಟಾರಿನ ಮೇಲೇ ಕುಸಿದು ಕುಳಿತು, ಮುಖ ಮುಚ್ಚಿಕೊಂಡು ಬಿಕ್ಕತೊಡಗಿದ. ಸೆವೆರೊ ಅವನ ಪಕ್ಕದಲ್ಲಿ ಕುಳಿತ. ಬೆನ್ನ ಮೇಲೆ ಕೈ ಇಡಬೇಕೋ ಬೇಡವೋ ತಿಳಿಯಲಿಲ್ಲ, ಇಟ್ಟ. ಮೇಲೆ ಮೆಲ್ಗಾರ್ ಎರಡನೆಯ ಸುತ್ತಿಗೆ ತಿರುಗುತ್ತಿದ್ದ.